ಮುಚ್ಚಳದೊಳಗಿನ ಕುಂಕುಮ

ಹೋದ ತಿಂಗಳ ಒಂದು ಭಾನುವಾರ ಬೆಳಗ್ಗೆ ತಿಂಡಿ ಮುಗಿಸಿ, ತಟ್ಟೆಯನ್ನು ಆಚೆ ತಳ್ಳಿ, ಅದೇ ಮೇಜಿನ ಮೇಲೆ ಹಳೆಯ ಟವೆಲ್ಲೊಂದನ್ನು ಹಾಸಿಕೊಂಡು ನನ್ನ ಫ್ರೆಂಚ್ ವಾಚೊಂದರ ಹಿಂದಿನ ಮುಚ್ಚಳ ಬಿಚ್ಚಿದೆ. ನಾಲ್ಕು ವರ್ಷದಿಂದ ಅದು ಬೀರುವಿನಲ್ಲಿ, ಕಾಲುಚೀಲಗಳ ಅಡಿಯಲ್ಲಿ ಬಿದ್ದಿತ್ತು. ನಾನೇ ಅಲ್ಲಿ ತುರುಕಿದ್ದೆ. ಮುಚ್ಚಳ ತಿರುಗಿಸಿ ನೋಡಿದರೆ ಒಳಮೈಯ ಸರಿ ನಡುವೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ. ಕುಂಕುಮದ್ದು. ಅದು ಅಲ್ಲಿದೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಇಷ್ಟು ವರ್ಷ ಬಿಚ್ಚಿರಲಿಲ್ಲ.

ಕೆರೆದು ತೆಗೆದುಬಿಡೋಣ ಅಂತ ಹಲ್ಲುಕಡ್ಡಿ ತೆಗೆದುಕೊಂಡೆ. ಬರಲಿಲ್ಲ. ಉಗುರು ಹಾಕಿದೆ, ಬರಲಿಲ್ಲ. ಒದ್ದೆ ಬಟ್ಟೆಯಲ್ಲಿ ಉಜ್ಜಿದೆ. ಬಟ್ಟೆಗೆ ಒಂದು ಕಣವೂ ಅಂಟಲಿಲ್ಲ. ಮೂಗಿನ ಹತ್ತಿರ ಹಿಡಿದೆ. ಉಗುರುಬಣ್ಣದಂಥ ತೆಳ್ಳಗಿನ ಒಂದು ವಾಸನೆ, ಇತ್ತೋ, ನನಗೇ ಹಾಗನ್ನಿಸಿತೋ... ಆ ವಾಸನೆ ಎಲ್ಲಿಯದು ಅಂತ ಹೊಳೆದ ಕೂಡಲೇ ನನ್ನ ಬಾಯಿಂದ ಅಯ್ಯೋ ದೇವರೇ ಅಂತ ಬಂದುಬಿಟ್ಟಿತು. ಅಡುಗೆಮನೆಯಿಂದ ಹೆಂಡತಿ ಏನಾಯ್ತು ಅಂತ ಕೂಗಿದಳು. ಏನಿಲ್ಲ ಅಂದೆ. ಏನಿಲ್ಲ ಅನ್ನುವುದು ಸುಳ್ಳು. ನಾನು ನಾಲ್ಕು ವರ್ಷದ ಹಿಂದೆ ಒಬ್ಬ ಮನುಷ್ಯನಿಗೆ ಬಾಯಿಗೆ ಬಂದಂತೆ ಬೈದಿದ್ದೆ. ಬೈದದ್ದು ತಪ್ಪು ಅಂತ ಆಗಲೇ ಅರ್ಧ ಗೊತ್ತಿತ್ತು. ಈಗ ಪೂರ್ತಿ ಗೊತ್ತಾಯಿತು. ಕ್ಷಮಿಸಿ ಅನ್ನಲು ಆ ಮನುಷ್ಯ ಇರಲಿಲ್ಲ. ಈ ವಾಚಿನ ಜೋಡಿ ಮಾತ್ರ ಇನ್ನೂ ಅವರ ಮನೆಯಲ್ಲೇ ಇತ್ತು.

ಅವರನ್ನು ನಾವು ಗೇಜಣ್ಣ ಅನ್ನುತ್ತಿದ್ದೆವು. ಭದ್ರಾವತಿಯ ಜನ್ನಾಪುರದಲ್ಲಿ ಮನೆ. ಅವರ ತಾತ ತಮಿಳುನಾಡಿನಿಂದ ಅಲ್ಲಿನ ಕಬ್ಬಿಣದ ಕಾರ್ಖಾನೆ ಕೆಲಸಕ್ಕೆ ಬಂದವರು, ಅಪ್ಪನಿಗೂ ಅಲ್ಲೇ ಕೆಲಸ, ಇವರಿಗೂ ಅಲ್ಲೇ. ಇಪ್ಪತ್ತೆಂಟು ವರ್ಷ ಒತ್ತಡ ತೋರಿಸುವ ಗೇಜುಗಳನ್ನು ರಿಪೇರಿ ಮಾಡಿ, ಕಾರ್ಖಾನೆ ಸೊರಗತೊಡಗಿದಾಗ ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಯ ಮುಂದಿನ ಕೋಣೆಯಲ್ಲಿ ಒಂದು ಮೇಜು ಹಾಕಿಕೊಂಡು ಕೂತಿದ್ದರು. ರೈಸ್ ಮಿಲ್ಲಿನ ಗೇಜು, ಆಸ್ಪತ್ರೆಯ ಬಿ.ಪಿ. ಮೀಟರು, ಯಾರದೋ ಅಜ್ಜನ ಅಲಾರಂ ಗಡಿಯಾರ, ಯಾವುದು ಬಂದರೂ ಇಲ್ಲವೆನ್ನುತ್ತಿರಲಿಲ್ಲ.

ನನ್ನ ಬಗ್ಗೆ ಸ್ವಲ್ಪ ಹೇಳಬೇಕು. ಮನೆ ಶಿವಮೊಗ್ಗದ ಆಲ್ಕೊಳದಲ್ಲಿ. ಕೆಲಸ ಮಾಚೇನಹಳ್ಳಿಯ ಒಂದು ಸಣ್ಣ ಫೌಂಡ್ರಿಯಲ್ಲಿ. ಅವರು ಎರಕ ಹೊಯ್ದ ಮಾಲಿಗೆ ಆರ್ಡರ್ ಹುಡುಕಿಕೊಂಡು ಊರೂರು ಸುತ್ತುವುದು ನನ್ನ ಪಾಲು. ಕಾಲಲ್ಲಿ ಚಕ್ರ ಇದೆ ಅಂತ ನನ್ನವ್ವ ನಾನು ಚಿಕ್ಕವನಿದ್ದಾಗಲೇ ಹೇಳುತ್ತಿದ್ದಳು. ಪುಣೆಯಲ್ಲಿದ್ದರೆ ಕೊಯಮತ್ತೂರಿನ ಯೋಚನೆ, ಕೊಯಮತ್ತೂರಿನಲ್ಲಿದ್ದರೆ ಮನೆಯ ಯೋಚನೆ, ಮನೆಗೆ ಬಂದು ಎರಡನೇ ದಿನಕ್ಕೆ ಬ್ಯಾಗ್ ಎಲ್ಲಿ ಅಂತ ಕಣ್ಣು ಹುಡುಕುತ್ತಿತ್ತು. ಜೊತೆಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಇಂಥವನಿಗೆ ವಾಚಿನ ಹುಚ್ಚು ಹಿಡಿದರೆ ಇನ್ನೇನಾಗುತ್ತದೆ.

ಹುಚ್ಚು ಹಿಡಿಸಿದ್ದು ಪುದುಚೇರಿ. ಒಮ್ಮೆ ಆರ್ಡರಿಗಾಗಿ ಹೋದವನು, ಹಳೇ ಸಾಮಾನಿನ ಅಂಗಡಿಯೊಂದರ ಗಾಜಿನ ಕಪಾಟಿನಲ್ಲಿ ಒಂದು ವಾಚು ನೋಡಿದೆ. ಸಮುದ್ರದಲ್ಲಿ ಮುಳುಗುವವರಿಗಾಗಿ ಫ್ರಾನ್ಸಿನಲ್ಲಿ ಮಾಡಿದ್ದು. ಕಪ್ಪು ಡಯಲ್, ದಪ್ಪ ಮುಳ್ಳು, ಹಳೆಯದಾಗಿ ಬೆಲ್ಲದ ಬಣ್ಣಕ್ಕೆ ತಿರುಗಿದ ರೇಡಿಯಂ ಚುಕ್ಕೆಗಳು, ಸುತ್ತ ತಿರುಗಿಸಬಹುದಾದ ಒಂದು ಉಂಗುರ. ನೀರಿನಡಿ ಇನ್ನೆಷ್ಟು ನಿಮಿಷ ಉಸಿರಿದೆ ಅಂತ ಆ ಉಂಗುರದಿಂದ ಅಳೆಯುತ್ತಾರಂತೆ. ನನಗೆ ಈಜು ಬರುವುದಿಲ್ಲ. ತುಂಗಾ ಹೊಳೆಯಲ್ಲಿ ಮೊಣಕಾಲಿಗಿಂತ ಮೇಲೆ ನೀರು ಕಂಡವನಲ್ಲ. ಆದರೂ ಕೊಂಡೆ. ಆ ಉಂಗುರದಿಂದ ತರೀಕೆರೆಯಲ್ಲಿ ಬಸ್ಸು ಎಷ್ಟು ನಿಮಿಷ ನಿಲ್ಲುತ್ತದೆ, ಬೀರೂರಿನಲ್ಲಿ ರೈಲು ಎಷ್ಟು ಹೊತ್ತು ಕಾಯಿಸುತ್ತದೆ ಅಂತ ಅಳೆದೆ. ಆಮೇಲೆ ಕಾರ್ ರೇಸಿನವರದ್ದು, ದೋಣಿ ಪಂದ್ಯದವರದ್ದು, ಹೀಗೆ ಒಂದರ ಹಿಂದೆ ಒಂದು. ಸ್ವಿಸ್ ವಾಚಿನ ಹಿಂದೆ ಬೀಳುವವರು ಬೇಕಾದಷ್ಟು ಜನ ಇದ್ದರು. ಫ್ರಾನ್ಸಿನದ್ದನ್ನು ನಮ್ಮ ಕಡೆ ಕೇಳುವವರೇ ಇರಲಿಲ್ಲ. ಯಾರಿಗೂ ಬೇಡವಾದದ್ದರ ಮೇಲೆ ನನಗೆ ಮೊದಲಿಂದಲೂ ಒಂದು ಹಟ. ನಿಮಗಿರೋದು ಎರಡೇ ಕೈ ಅಂತ ಹೆಂಡತಿ ನೆನಪಿಸುತ್ತಲೇ ಇದ್ದಳು.

ಆ ಮೊದಲ ವಾಚು ಒಂದು ಮಳೆಗಾಲದ ಟೂರಿನಲ್ಲಿ ಗಾಜಿನೊಳಗೆ ಬೆವರಿತು. ನೀರಿನಡಿ ಹೋಗಬೇಕಾದದ್ದು ಮಂಗಳೂರಿನ ಮಳೆಗೇ ಸೋತಿತು. ಗಾಂಧಿ ಬಜಾರಿನಲ್ಲಿ ಕೇಳಿದರೆ, ಇದರ ಪಾರ್ಟ್ಸ್ ಸಿಗಲ್ಲ ಸಾರ್, ಒಳಗಿಂದೆಲ್ಲ ತೆಗೆದು ಬ್ಯಾಟರಿ ಮಿಷಿನ್ ಕೂರಿಸಿಕೊಡ್ತೀನಿ ಅಂದರು. ಸಿಟ್ಟು ಬಂದು ಅವರ ಕೈಯಿಂದ ವಾಚು ಕಿತ್ತುಕೊಂಡು ಬಂದೆ. ಆಯನೂರಿನಿಂದ ಬರುತ್ತಿದ್ದ ನಮ್ಮ ಫೌಂಡ್ರಿಯ ಫೋರ್ಮನ್ ಗೇಜಣ್ಣನ ವಿಷಯ ಹೇಳಿದ್ದು ಆಗಲೇ.

ಗೇಜಣ್ಣ ವಾಚನ್ನು ಕೈಗೆ ತೆಗೆದುಕೊಂಡು ಕಿವಿಗಿಟ್ಟುಕೊಂಡರು. ಆಮೇಲೆ ಒಳಗೆ ಹೋಗಿ ಅಡುಗೆಮನೆಯಲ್ಲಿ ಬಿಸಿಬಿಸಿಯಾಗಿ ಡಿಕಾಕ್ಷನ್ ಇಳಿಯುತ್ತಿದ್ದ ಕಾಫಿ ಫಿಲ್ಟರಿನ ಮುಚ್ಚಳದ ಮೇಲೆ ಅದನ್ನಿಟ್ಟು ಬಂದರು. ಅವರ ಹೆಂಡತಿ, ನಾನು ಮುಂದೆ ಅಕ್ಕ ಅನ್ನತೊಡಗಿದವರು, ತಮಿಳಿನಲ್ಲಿ ಏನೋ ಗೊಣಗಿದರು. ವಾಚು ಬೆಚ್ಚಗಾದ ಮೇಲೆ ಗಾಜಿನ ಮೇಲೆ ಒಂದು ಹನಿ ತಣ್ಣೀರು ಬಿಟ್ಟರು. ಹನಿಯ ಕೆಳಗೆ ಗಾಜಿನ ಒಳಮೈ ಮಂಜು ಹಿಡಿಯಿತು. ಒಳಗೆ ನೀರಾವಿ ಇದೆ ಅನ್ನುವುದಕ್ಕೆ ಅದೇ ಗುರುತಂತೆ. ಯಾವುದೋ ಗೇಜಿನ ರಬ್ಬರ್ ಉಂಗುರವನ್ನು ಕತ್ತರಿಸಿ, ಅಂಟಿಸಿ, ಮುಚ್ಚಳದಡಿ ಕೂರಿಸಿದರು. ಮತ್ತೆ ಫಿಲ್ಟರ್, ಮತ್ತೆ ಹನಿ. ಮಂಜಿಲ್ಲ. ಆವತ್ತಿನಿಂದ ನಾನು ಬೇರೆ ಯಾರ ಮುಂದೆಯೂ ವಾಚು ಬಿಚ್ಚಲಿಲ್ಲ.

ಆರು ವರ್ಷ ಹಾಗೆ ನಡೆಯಿತು. ಅವರು ನನ್ನನ್ನು ತಂಬಿ, ಅಂದರೆ ತಮ್ಮ, ಅನ್ನುತ್ತಿದ್ದರು, ಬಹುವಚನ ಮಾತ್ರ ಬಿಡಲಿಲ್ಲ. ನನ್ನ ವಾಚುಗಳ ಪ್ರಯಾಣಕ್ಕೆ ದಾರಿ ತೋರಿಸಿದವರೂ ಅವರೇ. ಬಟ್ಟೆಯ ಬ್ಯಾಗಿನಲ್ಲಿ ನಾಲ್ಕು ವಾಚು ಹಾಕಿಕೊಂಡು ರೈಲಿನಲ್ಲಿ ಕಣ್ಣು ಮುಚ್ಚದೆ ಕೂರುತ್ತೇನೆ ಅಂದಾಗ, ಒಂದು ಹಳೆಯ ಮೂರಂತಸ್ತಿನ ಟಿಫನ್ ಕ್ಯಾರಿಯರ್ ಕೊಟ್ಟರು. ಕೆಳಗಿನ ಎರಡು ಡಬ್ಬಿಗೆ ಬನಿಯನ್ ಬಟ್ಟೆ ಹಾಸಿ ವಾಚು, ಮೇಲಿನದರಲ್ಲಿ ನಿಜವಾಗಿಯೂ ಚಿತ್ರಾನ್ನ. ಬೇರೆಯವರ ಊಟ ಯಾರೂ ಕದಿಯಲ್ಲ ತಂಬಿ ಅಂದರು. ಪುಣೆಯ ಒಂದು ಕಂಪನಿಯ ಗೇಟಿನಲ್ಲಿ ಸೆಕ್ಯೂರಿಟಿಯವನು ಎರಡನೇ ಡಬ್ಬಿ ತೆರೆದು, ಟಿಕ್ ಟಿಕ್ ಕೇಳಿ, ನಾಲ್ಕು ಹೆಜ್ಜೆ ಹಿಂದೆ ಹಾರಿದ್ದನ್ನು ಬಂದು ಹೇಳಿದಾಗ ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಆದರೆ ಅವರ ನಿಜವಾದ ಪದ್ಧತಿ ಬೇರೆಯೇ ಇತ್ತು. ಪುದುಚೇರಿಯ ಅದೇ ಅಂಗಡಿಯಲ್ಲಿ ನನಗೆ ಮೊದಲ ವಾಚಿನಂಥದ್ದೇ ಇನ್ನೊಂದು ಸಿಕ್ಕಿತು. ಅದೇ ಮಿಷಿನ್, ಅದೇ ಡಯಲ್. ಎರಡನ್ನೂ ಟಿಫನ್ ಕ್ಯಾರಿಯರಿಗೆ ಹಾಕಲು ಹೊರಟರೆ ಗೇಜಣ್ಣ ತಡೆದರು. ಕಾರ್ಖಾನೆಯಲ್ಲಿ ಪ್ರತಿಯೊಂದು ಅಳತೆಗೂ ಒಂದು ಮಾಸ್ಟರ್ ಗೇಜ್ ಇರುತ್ತಿತ್ತಂತೆ. ಅದು ಕಪಾಟು ಬಿಟ್ಟು ಕದಲುತ್ತಿರಲಿಲ್ಲ. ಕುಲುಮೆಯ ಬಿಸಿಗೆ, ಧೂಳಿಗೆ ಹೋಗಿ ಬಂದ ಗೇಜುಗಳನ್ನು ಅದರ ಪಕ್ಕ ಇಟ್ಟು, ಎಷ್ಟು ತಪ್ಪಿದೆ ಅಂತ ನೋಡುತ್ತಿದ್ದರು.

"ಎರಡೂ ಊರು ಸುತ್ತಿದ್ರೆ ಯಾವುದು ಸರಿ ಅಂತ ಯಾರು ಹೇಳ್ತಾರೆ ತಂಬಿ? ಒಂದು ಮನೇಲಿರ್ಬೇಕು" ಅಂದರು.

ಹಾಗಾಗಿ ಒಂದು ನನ್ನ ಕೈಯಲ್ಲಿ ಊರು ಸುತ್ತಿತು. ಇನ್ನೊಂದು ಅವರ ಮನೆಯ ಗೋಡೆಯ ಕ್ಯಾಲೆಂಡರಿನ ಕೆಳಗಿನ ಹಲಗೆಯ ಮೇಲೆ ಉಳಿಯಿತು. ಅದನ್ನು ನಾವು ಮಾಸ್ಟರ್ ಅನ್ನುತ್ತಿದ್ದೆವು. ಹೊರಡುವ ದಿನ ನಾನು ಬಸ್ಸಿಳಿದು ಅವರ ಮನೆಗೆ ಹೋಗಿ ಎರಡನ್ನೂ ಒಂದೇ ಸೆಕೆಂಡಿಗೆ ಕೂಡಿಸಬೇಕು. ಮೊದಮೊದಲು ಕಾರ್ಖಾನೆಯ ಸೈರನ್ನಿಗೆ ಕಾಯುತ್ತಿದ್ದೆವು. ಸೈರನ್ ಕೂಗಿದಾಗ ಕೂಗಿತು, ಇಲ್ಲದಾಗ ಇಲ್ಲ ಅಂತಾದ ಮೇಲೆ ಮೊಬೈಲು ನೋಡಿ. ಮೊಬೈಲಿಗೆ ಅವರು ಒಲ್ಲದ ಮನಸ್ಸಿನಿಂದ ಒಪ್ಪಿದ್ದರು. ದಿನಾ ಬೆಳಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕಾಫಿಗೆ ಮುಂಚೆ ಮಾಸ್ಟರಿಗೆ ಕೀ ಕೊಡುವರು. ಅದು ಸರಿಯಾದ ಸಮಯಕ್ಕಿಂತ ಎಷ್ಟು ಸೆಕೆಂಡು ಮುಂದೆ, ಎಷ್ಟು ಹಿಂದೆ ಅಂತ ಕ್ಯಾಲೆಂಡರಿನ ಆ ತಾರೀಖಿನ ಮನೆಯಲ್ಲಿ ಪೆನ್ಸಿಲ್ಲಿನಿಂದ ಬರೆಯುವರು. ನಾನು ವಾಪಸು ಬಂದು ನನ್ನದನ್ನು ಪಕ್ಕದಲ್ಲಿಟ್ಟ ದಿನ ಆ ತಾರೀಖಿಗೆ ಒಂದು ಸುತ್ತು ಹಾಕುವರು. ಸುತ್ತು ಬಿದ್ದ ಮೇಲೇ ಟೂರು ಮುಗಿದ ಹಾಗೆ.

ಎಲ್ಲೂ ಕೂರಲಾರದ ನಾನು ಅವರ ಮುಂದೆ ಕೂರುತ್ತಿದ್ದೆ. ಅವರು ಸೂಜಿಯಂಥ ಕಡ್ಡಿಯಲ್ಲಿ ಎಣ್ಣೆ ಹನಿಸುವುದನ್ನು ನೋಡುತ್ತಾ ಒಂದು ಗಂಟೆ, ಎರಡು ಗಂಟೆ... ಕೆಲಸ ಮುಗಿದ ಮೇಲೆ ಗೇಜಿನ ಒಳಗಿನ ಸ್ಕ್ರೂ ಮೇಲೆ ಅರಗಿನಂಥ ಕೆಂಪು ಬಣ್ಣದ ಒಂದು ಹನಿ ಇಡುತ್ತಿದ್ದರು. ಕಾರ್ಖಾನೆಯ ರೂಢಿ. ಒಣಗಿದರೆ ಕಲ್ಲು; ಯಾರಾದರೂ ಸ್ಕ್ರೂ ಮುಟ್ಟಿದರೆ ಮಾತ್ರ ಬಿರುಕು ಬಿಡುತ್ತದೆ, ತಾನಾಗಿ ಒಂದು ಚೂರೂ ಉದುರುವುದಿಲ್ಲ. ಬಣ್ಣವಿಲ್ಲದ ಅದೇ ದ್ರಾವಣದ ಇನ್ನೊಂದು ಶೀಶೆಯೂ ಮೇಜಿನ ಮೇಲಿತ್ತು. ಮುಚ್ಚಳ ತೆಗೆದರೆ ಕೋಣೆಯೆಲ್ಲ ಉಗುರುಬಣ್ಣದ ವಾಸನೆ. ಇದನ್ನೆಲ್ಲ ನಾನು ಕಣ್ಣಾರೆ ಕಂಡಿದ್ದೆ. ಕಂಡೂ ಬೇಕಾದ ಹೊತ್ತಿಗೆ ನೆನಪಿಗೆ ಬರಲಿಲ್ಲ.

ನಾಲ್ಕು ವರ್ಷದ ಹಿಂದೆ, ನವರಾತ್ರಿಗೆ ಮುಂಚೆ, ನನ್ನ ಕೈಯ ವಾಚನ್ನೂ ಎಣ್ಣೆ ಹಾಕಲು ಮಾಸ್ಟರಿನ ಜೊತೆ ಅವರ ಹತ್ತಿರ ಬಿಟ್ಟಿದ್ದೆ. ವಿಜಯದಶಮಿಯ ಮರುದಿನ ನನ್ನದನ್ನು ತೆಗೆದುಕೊಂಡು ಪುದುಚೇರಿಗೆ ಹೊರಟೆ. ಮಾಮೂಲಿ ಟೂರಲ್ಲ ಅದು. ಅಲ್ಲಿ ಒಬ್ಬ ವಯಸ್ಸಾದ ಡಾಕ್ಟರ್ ಇದ್ದರು, ನನಗಿಂತ ಮೂವತ್ತು ವರ್ಷ ಮುಂಚಿನಿಂದ ಫ್ರೆಂಚ್ ವಾಚು ಕೂಡಿಟ್ಟವರು. ಅವರ ಹತ್ತಿರ ವಿಮಾನ ಹಾರಿಸುವವರಿಗಾಗಿ ಮಾಡಿದ ಒಂದು ಕ್ರೋನೋಗ್ರಾಫ್, ಅಂದರೆ ಸ್ಟಾಪ್‌ವಾಚೂ ಸೇರಿರುವ ವಾಚು, ಇತ್ತು. ಪಕ್ಕದ ಗುಂಡಿ ಒತ್ತಿದರೆ ಓಡುತ್ತಿರುವ ಮುಳ್ಳು ನಿಲ್ಲದೆಯೇ ಸೊನ್ನೆಗೆ ಹಾರಿ ಮತ್ತೆ ಓಡುತ್ತಿತ್ತು. ಐದು ವರ್ಷದಿಂದ ನಾನು ಅದಕ್ಕಾಗಿ ಜೀವ ಬಿಡುತ್ತಿದ್ದೆ. ಕೊನೆಗೆ ನನ್ನ ಆ ಮುಳುಗುವವರ ವಾಚು ಕೊಟ್ಟರೆ ಅದನ್ನು ಕೊಡುತ್ತೇನೆ ಅಂತ ಒಪ್ಪಿದ್ದರು. ಗೇಜಣ್ಣನಿಗೆ ಇದನ್ನು ಹೇಳಿರಲಿಲ್ಲ. ಮಾಸ್ಟರಿನ ಜೋಡಿಯನ್ನು ಬೇರೆಯವರಿಗೆ ದಾಟಿಸಲು ಹೊರಟಿದ್ದೇನೆ ಅಂತ ಅವರ ಮುಖ ನೋಡಿ ಹೇಳುವ ಧೈರ್ಯ ನನಗಿರಲಿಲ್ಲ.

ಡಾಕ್ಟರ್ ನನ್ನ ವಾಚಿನ ಮುಚ್ಚಳ ಬಿಚ್ಚಿದರು. ಭೂತಗನ್ನಡಿ ಹಿಡಿದು ನೋಡಿದರು. ಒಳಗೆ ತುಕ್ಕು ಅಂದರು. ನಾನು ಇಣುಕಿದೆ. ತುಕ್ಕಲ್ಲ, ಕುಂಕುಮ, ಆಯುಧಪೂಜೆ ನೆನಪಾಯಿತು. ಅದನ್ನೇ ಹೇಳಿದೆ. ಹೇಳಬಾರದಿತ್ತೋ ಏನೋ. ವಾಚಿನೊಳಗೆ ಪುಡಿ ಹಾಕುವ ರಿಪೇರಿಯವನ ಕೈಯಿಂದ ಬಂದದ್ದನ್ನು ನಾನು ಇಟ್ಟುಕೊಳ್ಳುವುದಿಲ್ಲ, ಎಣ್ಣೆಗೆ ಪುಡಿ ಸೇರಿದರೆ ಚಕ್ರದ ಹಲ್ಲು ಸವೆಯುತ್ತದೆ ಅಂತ ಮೆತ್ತಗೆ ಹೇಳಿ, ಕ್ರೋನೋಗ್ರಾಫನ್ನು ಮತ್ತೆ ಪೆಟ್ಟಿಗೆಯೊಳಗಿಟ್ಟರು. ಮುಟ್ಟಿ ನೋಡಲು ನನಗೂ ತೋಚಲಿಲ್ಲ, ಅವರಿಗೂ ತೋಚಲಿಲ್ಲ. ಮುಂದಿನ ವಾರವೇ ಅದನ್ನು ಚೆನ್ನೈನ ಯಾರಿಗೋ ಕೊಟ್ಟರು ಅಂತ ಆಮೇಲೆ ತಿಳಿಯಿತು.

ವಾಪಸಿನ ದಾರಿಯುದ್ದಕ್ಕೂ ತಲೆ ಕೆಟ್ಟುಹೋಗಿತ್ತು. ಒಂದು ಸೀಟಿನಲ್ಲಿ ಕೂರಲಾಗಲಿಲ್ಲ. ಎದ್ದು ಬಾಗಿಲ ಹತ್ತಿರ ನಿಂತೆ, ಮತ್ತೆ ಕೂತೆ. ಭದ್ರಾವತಿಯಲ್ಲಿ ಇಳಿದು ನೇರ ಜನ್ನಾಪುರಕ್ಕೆ ನಡೆದೆ. ಗೇಜಣ್ಣ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಏನೋ ಮಾಡುತ್ತಿದ್ದರು. ನನ್ನನ್ನು ನೋಡಿ ಮುಖ ಅರಳಿತು. ಕ್ಯಾಲೆಂಡರಿನ ಪಕ್ಕದ ಪೆನ್ಸಿಲ್ಲಿಗೆ ಕೈ ಹಾಕಿದರು. ನಾನು ಚಪ್ಪಲಿಯನ್ನೂ ಬಿಡದೆ, ಮುಚ್ಚಳದೊಳಗೆ ಕುಂಕುಮ ಹಾಕಿದವರು ನೀವೇನಾ ಅಂತ ಕೇಳಿದೆ.

"ಹೌದು ತಂಬಿ. ಆಯುಧಪೂಜೆ ದಿನ ಎರಡೂ ಇಲ್ಲೇ ಇದ್ವಲ್ಲ. ಹೊರಗಡೆ ಹಚ್ಚಿದ್ರೆ ಏನು ಬಂತು, ಕೆಲಸ ಮಾಡೋದು ಒಳಗಿಂದು. ಕಾರ್ಖಾನೇಲೂ ನಾವು ಮಿಷಿನ್ನಿಗೇ ಇಡ್ತಿದ್ವಿ, ಕವರಿಗಲ್ಲ."

ಅವರು ಅದನ್ನು ಸಂತೋಷದಿಂದ ಹೇಳಿದರು. ನನಗೆ ಏನೋ ಒಳ್ಳೆಯದು ಮಾಡಿದ್ದೇನೆ ಅನ್ನುವ ಹಾಗೆ. ಅದೇ ನನ್ನನ್ನು ಇನ್ನಷ್ಟು ಕೆರಳಿಸಿತು. ಏನೇನು ಅಂದೆನೋ ಈಗ ಪೂರ್ತಿ ನೆನಪಿಲ್ಲ... ಐದು ವರ್ಷದ ಆಸೆ ಮಣ್ಣುಪಾಲಾಯಿತು ಅಂದೆ. ಬುದ್ಧಿ ಇರುವವರು ಮಾಡುವ ಕೆಲಸವಾ ಅಂದೆ. ವಾಚನ್ನು ಕೊಟ್ಟುಬಿಡಲು ಹೋಗಿದ್ದೆ ಅನ್ನುವುದೂ ಆ ಆವೇಶದಲ್ಲಿ ಹೊರಗೆ ಬಂತು. ಅವರು ಒಂದು ಕ್ಷಣ ಹಲಗೆಯ ಮೇಲಿದ್ದ ಮಾಸ್ಟರಿನ ಕಡೆ ನೋಡಿದರು. ಆಮೇಲೆ ಸಮಾಧಾನವಾಗಿಯೇ ಹೇಳಲು ಬಂದರು.

"ತಂಬಿ, ಅದು ಉದುರಲ್ಲ. ನಾನು ಅದನ್ನ..."

ನಾನು ಮುಗಿಸಗೊಡಲಿಲ್ಲ. "ಇದೇನು ನಿಮ್ಮ ಮುಚ್ಚಿಹೋದ ಕಾರ್ಖಾನೆ ಗೇಜ್ ಅಂದ್ಕೊಂಡ್ರಾ?" ಅಂದೆ.

ಅಂದ ಕೂಡಲೇ ಗೊತ್ತಾಯಿತು. ಬಾಯಿಂದ ಹೊರಬಿದ್ದಾಗಿತ್ತು. ಗೇಜಣ್ಣ ಕಣ್ಣಿನ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟರು. ಪೆನ್ಸಿಲ್ಲನ್ನೂ ಅದರ ಪಕ್ಕ ಇಟ್ಟರು. ಅಕ್ಕ ಕಾಫಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ನಾನು ಕಾಫಿ ಕುಡಿಯದೆ ಹೊರಟೆ. ಮಾಸ್ಟರ್ ಹಲಗೆಯ ಮೇಲೇ ಇತ್ತು. ಬೇಕಂತಲೇ ಬಿಟ್ಟೆನೋ, ಮರೆತೆನೋ... ಬಸ್ಸು ಮಾಚೇನಹಳ್ಳಿ ದಾಟುವಾಗ ಅದು ನೆನಪಾಯಿತು. ಇಳಿದು ವಾಪಸು ಹೋಗಬಹುದಿತ್ತು.

ಒಂದು ವಾರದ ಮೇಲೆ ಅವರ ಫೋನು ಬಂತು. ಎತ್ತಲಿಲ್ಲ. ಇನ್ನೊಮ್ಮೆ ಬಂತು, ಆಗಲೂ ಎತ್ತಲಿಲ್ಲ. ಮೂರನೇ ಸಲ ಬರಲಿಲ್ಲ. ಮೊದಲು ಕೋಪ ಇತ್ತು. ಕೋಪ ಇಳಿದ ಮೇಲೆ ನಾಚಿಕೆ. ನಾಚಿಕೆ ಕೋಪಕ್ಕಿಂತ ಗಟ್ಟಿ, ಬೇಗ ಇಳಿಯುವುದಿಲ್ಲ. ಆ ವಾಚನ್ನು ಕಾಲುಚೀಲದಡಿ ತುರುಕಿ ನಾನು ಇನ್ನೂ ಜೋರಾಗಿ ಊರು ಸುತ್ತಿದೆ. ಕೋಲ್ಕತ್ತ, ರಾಜಕೋಟ್, ಲುಧಿಯಾನ. ಬೇರೆಯವರು ಬೇಡ ಅಂದ ಟೂರನ್ನೂ ನಾನೇ ಕೇಳಿ ತೆಗೆದುಕೊಂಡೆ. ಎಲ್ಲಾ ಕಡೆ ವಾಚು ಹುಡುಕಿದೆ, ಕೊಂಡೆ, ಎರಡು ತಿಂಗಳಿಗೆ ಬೇಸರ ಬಂದು ಕೊಟ್ಟೆ. ಒಂದೂ ಕೈಯಲ್ಲಿ ನಿಲ್ಲಲಿಲ್ಲ. ರೈಲು ಭದ್ರಾವತಿಯಲ್ಲಿ ನಿಂತಾಗಲೆಲ್ಲ ಎದ್ದು ಬಾಗಿಲ ತನಕ ಹೋಗುತ್ತಿದ್ದೆ. ಈ ಸಲ ಇಳೀತೀನಿ ಅಂದುಕೊಳ್ಳುತ್ತಿದ್ದೆ. ರೈಲು ಹೊರಡುತ್ತಿತ್ತು. ನಮ್ಮ ಮನೆಗೂ ಅವರ ಮನೆಗೂ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯೂ ಇಲ್ಲ.

ಹೋದ ವರ್ಷ ಒಂದು ಮಧ್ಯಾಹ್ನ ಫೌಂಡ್ರಿಯಲ್ಲಿ ಊಟ ಮಾಡುವಾಗ ಫೋರ್ಮನ್ ತಲೆಯೆತ್ತದೆ ಹೇಳಿದ: "ನಿಮ್ಮ ಗೇಜಣ್ಣ ಹೋಗ್ಬಿಟ್ರಂತಲ್ಲ ಮಾರಾಯ್ರೇ. ಹೋಗಿ ನಾಲ್ಕು ತಿಂಗಳಾಯ್ತಂತೆ. ನಿಮಗೆ ಗೊತ್ತೇ ಇರ್ಲಿಲ್ವಾ?" ಗೊತ್ತು ಅಂದೆ. ಯಾಕೆ ಹಾಗಂದೆನೋ. ಅರ್ಧ ಊಟಕ್ಕೇ ಡಬ್ಬಿ ಮುಚ್ಚಿದೆ. ಆಗಲಾದರೂ ಅಕ್ಕನನ್ನು ನೋಡಲು ಹೋಗಬೇಕಿತ್ತು. ಹೋಗಲಿಲ್ಲ. ಮಾರನೇ ದಿನ ನಾಸಿಕಕ್ಕೆ ಟಿಕೆಟ್ಟಿತ್ತು. ಇಲ್ಲದಿದ್ದರೂ ಮಾಡಿಸಿಕೊಂಡು ಹೋಗುತ್ತಿದ್ದೆ.

ಹೋದ ತಿಂಗಳು ಆ ವಾಚನ್ನು ತೆಗೆದದ್ದೂ ಕೊಟ್ಟುಬಿಡೋಣ ಅಂತಲೇ. ಹುಬ್ಬಳ್ಳಿಯ ಒಬ್ಬರು ಕೇಳಿದ್ದರು. ಚುಕ್ಕೆ ಕೆರೆದು, ಶುಚಿ ಮಾಡಿ, ಕೈ ತೊಳೆದುಕೊಳ್ಳುವ ಯೋಚನೆ. ಹಲ್ಲುಕಡ್ಡಿಗೆ ಚುಕ್ಕೆ ಬಗ್ಗಲಿಲ್ಲ. ಆ ವಾಸನೆ ಮೂಗಿಗೆ ಬಂದಾಗ ಬಣ್ಣವಿಲ್ಲದ ಆ ಶೀಶೆ ಕಣ್ಣಮುಂದೆ ಬಂತು. ಗೇಜಣ್ಣ ಕುಂಕುಮವನ್ನು ಪುಡಿಯಾಗಿ ಇಟ್ಟಿರಲಿಲ್ಲ. ಸ್ಕ್ರೂಗಳಿಗೆ ಹಾಕುವ ಆ ದ್ರಾವಣದಲ್ಲಿ ಕಲೆಸಿ ಒಂದು ಹನಿ ಇಟ್ಟಿದ್ದರು. ಒಣಗಿದರೆ ಕಲ್ಲು. ನಾಲ್ಕು ವರ್ಷ ಮಿಷಿನ್ನಿನ ಮೇಲೆ ಒಂದು ಕಣ ಬಿದ್ದಿರಲಿಲ್ಲ. ಅದು ಉದುರಲ್ಲ, ನಾನು ಅದನ್ನ... ಅಂತ ಅವರು ಹೇಳಲು ಬಂದದ್ದು ಇದನ್ನೇ. ಒಂದೇ ಒಂದು ಮಾತು ಕೇಳಿಸಿಕೊಂಡಿದ್ದರೆ ಸಾಕಿತ್ತು.

ವಾಚು ಜೋಡಿಸಿ, ಕೀ ಕೊಟ್ಟು, ಕೈಗೆ ಕಟ್ಟಿಕೊಂಡು ಆಗಲೇ ಬಸ್ಸು ಹತ್ತಿದೆ.

ಅಕ್ಕ ಬಾಗಿಲು ತೆಗೆದರು. ಸೊರಗಿದ್ದರು. ನನ್ನನ್ನು ಗುರುತಿಸಲು ಒಂದು ಗಳಿಗೆ ಬೇಕಾಯಿತು. ವಾಂಗೊ ತಂಬಿ ಅಂದರು, ನಿನ್ನೆ ಬಂದು ಹೋದವನನ್ನು ಕರೆಯುವ ಹಾಗೆ. ಮುಂದಿನ ಕೋಣೆಯಲ್ಲಿ ಮೇಜಿರಲಿಲ್ಲ. ಕ್ಯಾಲೆಂಡರ್ ಇತ್ತು. ಅದರ ಕೆಳಗಿನ ಹಲಗೆಯ ಮೇಲೆ ಮಾಸ್ಟರ್ ಇತ್ತು. ಓಡುತ್ತಿತ್ತು.

ನಾನು ನಿಂತಲ್ಲೇ ನಿಂತೆ. ಅಕ್ಕ ಹೇಳಿದರು, ಅವರಿದ್ದಾಗ ಅವರು, ಅವರು ಹೋದ ಮೇಲೆ ತಾನು, ಒಂದು ದಿನವೂ ಕೀ ತಪ್ಪಿಸಿಲ್ಲವಂತೆ. ಸೆಕೆಂಡಿನ ಮುಳ್ಳು ತನ್ನ ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಬರೆದಿಲ್ಲ, ಕೀ ಮಾತ್ರ ಕೊಡುತ್ತೇನೆ ಅಂದರು. ಅದೇ ಮೊಳೆಗೆ ಈ ವರ್ಷದ್ದರ ಹಿಂದೆ ಹಳೇ ಕ್ಯಾಲೆಂಡರುಗಳೂ ನೇತುಬಿದ್ದಿದ್ದವು. ತಿರುವಿದೆ. ನಾನು ಪುದುಚೇರಿಗೆ ಹೊರಟ ದಿನ ಸಿಕ್ಕಿತು. ಅದರ ಮುಂದಿನ ಪ್ರತಿ ದಿನವೂ ಪೆನ್ಸಿಲ್ಲಿನ ಸಣ್ಣ ಅಂಕಿ. ಮೂರು ಸೆಕೆಂಡು ಮುಂದೆ, ಎರಡು ಹಿಂದೆ... ನಾನು ಬಂದು ಬೈದು ಹೋದ ದಿನದ ಮೇಲೆ ಸುತ್ತು ಇರಲಿಲ್ಲ. ನಾನು ವಾಚನ್ನು ಪಕ್ಕದಲ್ಲಿ ಇಟ್ಟಿರಲಿಲ್ಲವಲ್ಲ. ಆಮೇಲೆ ತಿಂಗಳು ಕಳೆದವು, ಕ್ಯಾಲೆಂಡರು ಬದಲಾದವು, ಅಂಕಿಗಳು ಬರುತ್ತಲೇ ಇದ್ದವು. ಕೊನೆಕೊನೆಗೆ ಅಕ್ಷರ ಸೊಟ್ಟಗಾಗಿ, ಒಂದು ದಿನ ನಿಂತಿತ್ತು. ಸುತ್ತು ಎಲ್ಲೂ ಇಲ್ಲ.

"ಯಾರಾದ್ರೂ ಬಂದು, ಇದು ಯಾರ್ದು, ಕೊಡ್ತೀರಾ ಅಂತ ಕೇಳಿದ್ರೆ, ಇಲ್ಲ, ತಂಬಿ ಇನ್ನೂ ಟೂರಲ್ಲಿದಾರೆ, ಬಂದ್ಮೇಲೆ ಸರಿ ನೋಡ್ಬೇಕು ಅನ್ನೋರು" ಅಂದರು ಅಕ್ಕ. "ನನಗೂ ಅಷ್ಟೇ ಹೇಳಿದ್ರು. ನಿಲ್ಲಿಸ್ಬೇಡ, ಅವರು ಬಂದಾಗ ನಿಂತಿದ್ರೆ ಚೆನ್ನಾಗಿರಲ್ಲ ಅಂತ."

ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಐವತ್ತು ದಾಟಿದ ಗಂಡಸು ಇನ್ನೊಬ್ಬರ ಮನೆಯಲ್ಲಿ ಕೂತು ಅಳುವುದು ಚಂದವಲ್ಲ. ಆದರೂ ಅತ್ತೆ. ತಪ್ಪಾಯ್ತು ಅಕ್ಕ, ಅವತ್ತು ಅಂದದ್ದು ತಪ್ಪಾಯ್ತು ಅಂದೆ. ಅವರು ಸಿಟ್ಟಾಗಲಿಲ್ಲ. ಸಮಾಧಾನವನ್ನೂ ಮಾಡಲಿಲ್ಲ.

"ಅವರಿಗೆ ಹೇಳ್ಬೇಕಿತ್ತು ತಂಬಿ" ಅಂದರು ಅಷ್ಟೇ.

ಆಮೇಲೆ ಮಾಸ್ಟರನ್ನು ತಂದು ನನ್ನ ಮುಂದಿಟ್ಟು, ನನ್ನ ಕೈಯಲ್ಲಿದ್ದದ್ದನ್ನು ಬಿಚ್ಚಲು ಹೇಳಿದರು. ಎರಡನ್ನೂ ಅಕ್ಕಪಕ್ಕ ಇಟ್ಟರು, ಗೇಜಣ್ಣ ಇಡುತ್ತಿದ್ದ ಹಾಗೆಯೇ. ಎಷ್ಟು ತಪ್ಪಿದೆ ಅಂತ ಕೇಳಿದರು. ನನಗೆ ಸುಳ್ಳು ಹೇಳಲಾಗಲಿಲ್ಲ. ಇದು ಊರು ಸುತ್ತಿಲ್ಲ ಅಕ್ಕ, ನಾಲ್ಕು ವರ್ಷ ನಿಂತುಹೋಗಿ ಬೀರುವಿನಲ್ಲಿತ್ತು, ಇವತ್ತು ಬೆಳಗ್ಗೆ ಕೀ ಕೊಟ್ಟೆ ಅಂದೆ. ಅವರು ಎರಡನ್ನೂ ಸ್ವಲ್ಪ ಹೊತ್ತು ನೋಡಿದರು. ಪೆನ್ಸಿಲ್ ಹುಡುಕಿ ತಂದು, ಈ ವರ್ಷದ ಕ್ಯಾಲೆಂಡರಿನಲ್ಲಿ ಆ ಭಾನುವಾರಕ್ಕೆ ಒಂದು ಸುತ್ತು ಹಾಕಿದರು. ಮಾಸ್ಟರನ್ನು ನೀವೇ ತಗೊಂಡು ಹೋಗಿ ತಂಬಿ, ಬೆರಳಿನ ಗಂಟೆಲ್ಲ ನೋವು, ಇನ್ನು ನನ್ನ ಕೈಲಿ ಕೀ ಕೊಡೋಕಾಗಲ್ಲ ಅಂದರು. ಕಾಫಿ ಕೊಟ್ಟರು. ಈ ಸಲ ಕುಡಿದೆ.

ಮನೆಗೆ ಬಂದು ಮಾಸ್ಟರಿನ ಮುಚ್ಚಳವನ್ನೂ ಬಿಚ್ಚಿದೆ. ಪೂಜೆಯ ದಿನ ಎರಡೂ ಅಲ್ಲೇ ಇದ್ದವು, ಇದರಲ್ಲೂ ಚುಕ್ಕೆ ಇರಬೇಕು ಅಂದುಕೊಂಡಿದ್ದೆ. ಇರಲಿಲ್ಲ. ಸರಿ ನಡುವೆ, ಸಾಸಿವೆ ಕಾಳಿನಷ್ಟು ಜಾಗ ಸುತ್ತಲಿಗಿಂತ ಒಂಚೂರು ಬೆಳ್ಳಗೆ ಹೊಳೆಯುತ್ತಿತ್ತು. ನಾನು ಬೈದು ಹೋದ ಮೇಲೆ ಗೇಜಣ್ಣ ಕೂತು ಅದನ್ನು ತೆಗೆದಿದ್ದರು. ಉಗುರಿಗೂ ಕಡ್ಡಿಗೂ ಜಗ್ಗದ್ದನ್ನು ಹೇಗೆ ತೆಗೆದರೋ, ಎಷ್ಟು ಹೊತ್ತು ಹಿಡಿಯಿತೋ... ಒಂದು ಗೀರು ಬಿದ್ದಿರಲಿಲ್ಲ. ನನಗೆ ಬೇಡವಾಗಿತ್ತಲ್ಲ, ಅದಕ್ಕೇ ತೆಗೆದಿದ್ದರು.

ಹುಬ್ಬಳ್ಳಿಯವರಿಗೆ ಇಲ್ಲ ಅಂತ ಹೇಳಿದ್ದೇನೆ. ಈಗ ಎರಡೂ ಮೇಜಿನ ಮೇಲಿವೆ, ಒಂದು ಚುಕ್ಕೆಯಿರುವುದು, ಒಂದು ಇಲ್ಲದ್ದು. ನಾಳೆ ಕೊಯಮತ್ತೂರಿಗೆ ಹೋಗಬೇಕು. ಬ್ಯಾಗ್ ತುಂಬಿಯಾಗಿದೆ, ಆದರೂ ಬೆಳಗ್ಗೆಯಿಂದ ಕೋಣೆಯಿಂದ ಕೋಣೆಗೆ ತಿರುಗುತ್ತಿದ್ದೇನೆ. ಒಂದನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇನೆ ಅಂದಾಗ ಹೆಂಡತಿ, "ಕೀ ನಾನು ಕೊಡ್ತೀನಿ. ನಿಂತ್ರೆ ನನ್ನ ಮೇಲೆ ರೇಗ್ಬೇಡಿ ಅಷ್ಟೇ" ಅಂದಳು. ಇಲ್ಲ ಅಂದೆ. ಅವಳು ನಗೆಯಾಡಿದಳು, ನನಗೆ ನಗು ಬರಲಿಲ್ಲ. ಗುರುವಾರ ವಾಪಸು ಬರುತ್ತೇನೆ. ಎರಡನ್ನೂ ಪಕ್ಕಪಕ್ಕ ಇಟ್ಟು ಎಷ್ಟು ಸೆಕೆಂಡು ತಪ್ಪಿದೆ ಅಂತ ನಾನೇ ನೋಡಿಕೊಳ್ಳಬೇಕು. ಬಂದ್ರಾ ತಂಬಿ ಅಂತ ಪೆನ್ಸಿಲ್ಲಿಗೆ ಕೈ ಹಾಕುತ್ತಿದ್ದ ಗೇಜಣ್ಣ ಈಗ ಭದ್ರಾವತಿಯಲ್ಲಿಲ್ಲ.